ಇನ್ನೂರರ ಗೆರೆ ಮತ್ತು ನಮ್ಮನೆ ಮೀಟರ್

ಬಾಡಿಗೆ ಮನೆ ನೋಡುವಾಗ ಅಡ್ವಾನ್ಸ್ ಎಷ್ಟು, ಕಾವೇರಿ ನೀರು ಬರುತ್ತಾ, ಗಾಡಿ ನಿಲ್ಲಿಸೋಕೆ ಜಾಗ ಇದೆಯಾ ಅಂತ ಎಲ್ಲರೂ ಕೇಳುತ್ತೇವೆ. ಕರೆಂಟ್ ಮೀಟರ್ ಯಾವಾಗ ಹಾಕಿಸಿದ್ದು ಅಂತ ಯಾರೂ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಈಗ ಅದನ್ನೂ ಕೇಳಬೇಕು. ಯಾಕೆ ಅಂತ ಹೇಳುತ್ತೇನೆ.

2025ರ ಶುರುವಿನಲ್ಲಿ ನಾವು ಹನುಮಂತನಗರದ ಹಳೇ ಮನೆ ಬಿಟ್ಟು ಉತ್ತರಹಳ್ಳಿಯ ಹೊಸ ಬಿಲ್ಡಿಂಗಿನ ಮೊದಲ ಮಹಡಿಗೆ ಬಂದೆವು. ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ಹಳೇ ಮನೆಯಲ್ಲಿ ಹೆಚ್ಚಿನ ತಿಂಗಳು ಸೊನ್ನೆ ಬಿಲ್. ಇಲ್ಲಿ ಬೇಸಿಗೆಯ ಬಿಲ್ ಬಂದಾಗ 212 ಯೂನಿಟ್, ಕಟ್ಟಬೇಕಾದದ್ದು ಸಾವಿರದ ಎಂಟುನೂರಕ್ಕೂ ಜಾಸ್ತಿ. ಅದೇ ಜನ, ಅದೇ ಫ್ರಿಡ್ಜು, ಅದೇ ಟೀವಿ.

ಗೃಹಜ್ಯೋತಿ ಅಂದ್ರೆ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಒಂದೊಂದು ಮನೆಗೂ ಒಂದೊಂದು ಮಿತಿ ಇದೆ. 2022-23ರಲ್ಲಿ ಆ ಮೀಟರ್ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಓಡಿತ್ತೋ, ಅದರ ಮೇಲೆ ಶೇಕಡ 10 ಸೇರಿಸಿದರೆ ನಿಮ್ಮ ಮಿತಿ. ಅಷ್ಟರೊಳಗೆ ಇದ್ದರೆ ಬಿಲ್ ಸೊನ್ನೆ. ಮಿತಿ ದಾಟಿ 200ರ ಒಳಗೆ ಇದ್ದರೆ ಜಾಸ್ತಿ ಆದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್, ಒಂದು ಯೂನಿಟ್ ಕೂಡ ಫ್ರೀ ಇಲ್ಲ.

ಹೊಸ ಮನೆಗೆ 2022-23ರ ಲೆಕ್ಕ ಎಲ್ಲಿಂದ ಬರಬೇಕು? ಅಂಥ ಮನೆಗಳಿಗೆ 53 ಯೂನಿಟ್ ಸರಾಸರಿ ಅಂತ ಹಿಡಿದು, ಅದಕ್ಕೆ ಶೇಕಡ 10 ಸೇರಿಸಿ 58 ಯೂನಿಟ್ ಕೊಡುತ್ತಾರೆ. ಐದು ಜನರ ಮನೆಗೆ 58 ಯೂನಿಟ್ ಯಾವ ಮೂಲೆಗೆ? ಆದರೆ ನನಗೆ ಜಾಸ್ತಿ ಚಿಂತೆ ಆದದ್ದು 58ರ ಬಗ್ಗೆ ಅಲ್ಲ, ಆ 200ರ ಗೆರೆ ಬಗ್ಗೆ. ನಾವು ಗೆರೆ ದಾಟಿದ್ದು ಬರೀ 12 ಯೂನಿಟ್. ಆ ಹನ್ನೆರಡರ ಹಿಂದೆ ನಮ್ಮ 58 ಕೂಡ ಹೋಯಿತು. 2025ರ ಆ ಬಿಲ್ಲಿನಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು. ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್ ಅಂತ ಅದರ ಮೇಲೆ 36 ಪೈಸೆ. ಜೊತೆಗೆ ತೆರಿಗೆ ಶೇಕಡ 9. ಇದಲ್ಲದೆ ಒಂದು ಕಿಲೋವ್ಯಾಟ್ ಲೋಡ್‌ಗೆ 145 ರೂಪಾಯಿ ನಿಗದಿತ ಶುಲ್ಕ ಇತ್ತು. ನಮ್ಮ ಮೀಟರಿಗೆ 3 ಕಿಲೋವ್ಯಾಟ್ ಮಂಜೂರಾಗಿದೆ. ಅಂದ್ರೆ ಮನೆಗೆ ಬೀಗ ಹಾಕಿ ಊರಿಗೆ ಹೋದರೂ 435 ರೂಪಾಯಿಯ ಲೆಕ್ಕ ಬರೆದೇ ಇರುತ್ತಿತ್ತು.

ಇಷ್ಟು ಅರ್ಥ ಆದಮೇಲೆ ಬಿಲ್ಲನ್ನು ರೂಪಾಯಿಯಲ್ಲಿ ನೋಡುವುದು ಬಿಟ್ಟೆ. ಯೂನಿಟ್‌ನಲ್ಲಿ ನೋಡೋಕೆ ಶುರು ಮಾಡಿದೆ.

ಯೋಜನೆಗೆ ಸೇರುವ ಕೆಲಸ ಮನೆಗೆ ಬಂದ ಹೊಸದರಲ್ಲೇ ಮುಗಿಸಿದ್ದೆ. ಮನೆ ಬದಲಿಸುವವರು ಇದೊಂದನ್ನು ಮರೆಯಬಾರದು. ಒಂದು ಆಧಾರ್‌ಗೆ ಒಂದೇ ಮೀಟರ್. ಹಳೇ ಮನೆ ಮೀಟರಿಗೆ ನಿಮ್ಮ ಆಧಾರ್ ಅಂಟಿಕೊಂಡಿದ್ದರೆ ಹೊಸದಕ್ಕೆ ಸೇರಿಸೋಕೆ ಬಿಡುವುದಿಲ್ಲ. ಮೊದಲು ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಹಳೆಯದನ್ನು ಡೀಲಿಂಕ್ ಮಾಡಬೇಕು, ಅಂದ್ರೆ ಆಧಾರ್‌ನಿಂದ ಬಿಡಿಸಬೇಕು. ಈ ಸೌಲಭ್ಯ ಬಂದದ್ದು 2024ರಲ್ಲಿ. ಅದಕ್ಕೂ ಮುಂಚೆ ಮನೆ ಬದಲಿಸಿದ ಬಾಡಿಗೆದಾರರು ಸಾಕಷ್ಟು ಒದ್ದಾಡಿದ್ದಾರೆ. ಆಧಾರ್ ನಂಬರ್ ಕೊಟ್ಟರೆ ಮೊಬೈಲಿಗೆ ಓಟಿಪಿ ಬರುತ್ತದೆ, ಹಳೇ ಮನೆಯ ಅಕೌಂಟ್ ಐಡಿ ತೋರಿಸುತ್ತದೆ, ಒಪ್ಪಿಗೆ ಕೊಟ್ಟರೆ ಆಯಿತು. ಆಮೇಲೆ ಹೊಸ ಮನೆ ಬಿಲ್ಲಿನ ಮೇಲಿರುವ ಅಕೌಂಟ್ ಐಡಿ ಹಾಕಿ, ಬಾಡಿಗೆದಾರ ಅಂತ ಆರಿಸಿ ಅರ್ಜಿ ಹಾಕಬೇಕು. ಬಾಡಿಗೆ ಕರಾರು ಪತ್ರ ಕೈಯಲ್ಲಿ ಇಟ್ಟುಕೊಂಡಿರಿ. ಹತ್ತಿರದ ಒಂದು ಸೇವಾ ಕೇಂದ್ರದಲ್ಲಿ ಸರ್ವರ್ ಇಲ್ಲ ಅಂತ ವಾಪಸ್ ಕಳಿಸಿದರು. ರಾತ್ರಿ ಊಟ ಆದಮೇಲೆ ಮನೆಯಲ್ಲೇ ಫೋನಿನಲ್ಲಿ ಮಾಡಿದೆ, ಸಲೀಸಾಗಿ ಆಯಿತು.

ಇದನ್ನು ಮಾಡಿದ್ದರಿಂದ ಇನ್ನೊಂದು ಮನೆಗೂ ಉಪಯೋಗ ಆಯಿತು. ನಮ್ಮನೆ ಕೆಲಸಕ್ಕೆ ಬರುವ ಅಕ್ಕ ಒಂದು ದಿನ ಬಿಲ್ ತಂದು ತೋರಿಸಿದರು. "ಮೊದ್ಲು ಬತ್ತಾನೇ ಇರ್ಲಿಲ್ಲ ಅಕ್ಕ, ಮನೆ ಬದಲಾಯ್ಸಿದ್ಮೇಲೆ ತಿಂಗ್ಳು ತಿಂಗ್ಳು ಬತ್ತೈತೆ" ಅಂದರು. ನೋಡಿದರೆ ಆಧಾರ್ ಇನ್ನೂ ಹಳೇ ಮನೆಗೇ ಸೇರಿಕೊಂಡಿತ್ತು. ಅದರ ಜೊತೆಗಿದ್ದ ಮೊಬೈಲ್ ನಂಬರ್ ಕೂಡ ಯಾವಾಗಲೋ ಹೋಗಿತ್ತು, ಓಟಿಪಿ ಬರುವ ಮಾತೇ ಇಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಂಡು ಬಂದರು. ಆಮೇಲೆ ನಾನೇ ಕೂತು ಎರಡೂ ಅರ್ಜಿ ಹಾಕಿಕೊಟ್ಟೆ. ಅವರು ಈಗಿರುವ ಮನೆಯ ಹಳೇ ಸರಾಸರಿ ಸುಮಾರು 30 ಯೂನಿಟ್. ಸರಾಸರಿ 48ಕ್ಕಿಂತ ಕಡಿಮೆ ಇರುವ ಮನೆಗಳಿಗೆ ಶೇಕಡ 10ರ ಬದಲು 10 ಯೂನಿಟ್ ಹೆಚ್ಚು ಕೊಡಬೇಕು ಅಂತ 2024ರ ಜನವರಿಯಲ್ಲಿ ಸರ್ಕಾರ ತೀರ್ಮಾನ ಮಾಡಿತು. ಅದು ಒಳ್ಳೇ ತೀರ್ಮಾನ. 30 ಯೂನಿಟ್‌ಗೆ ಶೇಕಡ 10 ಅಂದ್ರೆ ಬರೀ ಮೂರು ಯೂನಿಟ್, ಒಂದು ಫ್ಯಾನ್ ನಾಲ್ಕು ದಿನ ಓಡಿದರೆ ಮುಗಿಯಿತು. ಎರಡು ಬಲ್ಬು, ಒಂದು ಫ್ಯಾನು, ಒಂದು ಟೀವಿ ಇರುವ ಮನೆ ಅವರದು. ಅಂಥವರಿಗೇ ಈ ಯೋಜನೆ ಮೊದಲು ಸಿಗಬೇಕು. ಬರೀ ಒಂದು ಮೊಬೈಲ್ ನಂಬರಿಗೋಸ್ಕರ ಅವರು ತಿಂಗಳುಗಟ್ಟಲೆ ದುಡ್ಡು ಕಟ್ಟಿದ್ದು ನೆನೆಸಿಕೊಂಡರೆ ನನಗೆ ಇವತ್ತಿಗೂ ಬೇಜಾರಾಗುತ್ತದೆ.

ನಮ್ಮನೆ 212ರ ಕಥೆಗೆ ಬರುತ್ತೇನೆ.

ಯಾವ ಸಾಮಾನು ಎಷ್ಟು ಕರೆಂಟ್ ತಿನ್ನುತ್ತದೆ ಅಂತ ಊಹೆ ಮಾಡುವುದಕ್ಕಿಂತ ಮೀಟರನ್ನೇ ಕೇಳುವುದು ಒಳ್ಳೇದು. ನಮ್ಮ ಬಿಲ್ಡಿಂಗಿನ ಮೀಟರ್ ಬೋರ್ಡ್ ಕೆಳಗೆ ಮೆಟ್ಟಿಲ ಪಕ್ಕದಲ್ಲಿದೆ. ಪ್ರತಿ ಮೀಟರಿನ ಮೇಲೂ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಅದರ ಹತ್ತಿರ ಒಂದು ಸಂಖ್ಯೆ ಬರೆದಿರುತ್ತದೆ. ನಮ್ಮದರಲ್ಲಿ 3200. ಅಂದ್ರೆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್. ಒಂದು ನಿಮಿಷಕ್ಕೆ ಎಷ್ಟು ಸಲ ಅಂತ ಎಣಿಸಿ, 60ರಿಂದ ಗುಣಿಸಿ, 3200ರಿಂದ ಭಾಗಿಸಿದರೆ ಆ ಹೊತ್ತಿಗೆ ಎಷ್ಟು ಕಿಲೋವ್ಯಾಟ್ ಓಡುತ್ತಿದೆ ಅಂತ ಗೊತ್ತಾಗುತ್ತದೆ. ನಿಮ್ಮ ಮೀಟರಿನಲ್ಲಿ ಬೇರೆ ಸಂಖ್ಯೆ ಇರಬಹುದು, ನೋಡಿಕೊಳ್ಳಿ.

ಒಂದು ಸಂಜೆ ಮಗನನ್ನು ಮೇಲೆ ನಮ್ಮನೆ ಸ್ವಿಚ್ಚುಗಳ ಡಿಬಿ ಬಾಕ್ಸ್ ಹತ್ತಿರ ನಿಲ್ಲಿಸಿ ನಾನು ಕೆಳಗೆ ಮೀಟರ್ ಮುಂದೆ ನಿಂತೆ. ಫೋನಿನಲ್ಲಿ ಮಾತು. ಮೊದಲು ಗೀಸರ್ ಹಾಕಿಸಿದೆ. ದೀಪ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸಲ ಮಿಣುಕಿತು, ಕಣ್ಣಿಗೆ ಎಣಿಸೋಕೆ ಕಷ್ಟ. ಅದು 2000 ವ್ಯಾಟ್‌ನ ಗೀಸರ್, ಲೆಕ್ಕ ಸರಿಯಾಗಿ ಕೂಡಿತು. ಆಮೇಲೆ ಆ ಬಾಕ್ಸಿನ ಒಂದೊಂದೇ ಸ್ವಿಚ್ಚನ್ನು (ಎಂಸಿಬಿ) ಕೆಳಗೆ ಮಾಡಿಸಿದೆ. ಕೊನೆಗೆ ಮೇನ್ ಕೂಡ ಆಫ್. ಮನೆ ಪೂರ್ತಿ ಕತ್ತಲೆ. "ಅಮ್ಮಾ, ಎಲ್ಲಾ ಆಫ್ ಆಯ್ತು" ಅಂದ. ಮೀಟರಿನ ದೀಪ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹದಿನೈದು ಸೆಕೆಂಡಿಗೊಮ್ಮೆ ಮಿಣುಕುತ್ತಲೇ ಇತ್ತು. ನಿಮಿಷಕ್ಕೆ ನಾಲ್ಕು, ಅಂದ್ರೆ 75 ವ್ಯಾಟ್. ನಮ್ಮ ಮನೆಯಲ್ಲಿ ಒಂದು ಬಲ್ಬೂ ಉರಿಯದೇ ಇರುವಾಗ!

ಮಾರನೇ ದಿನ ಬೆಳಕಿರುವಾಗ ಮತ್ತೆ ನೋಡಿದರೆ ನಿಮಿಷಕ್ಕೆ ಎರಡು. ಹಗಲಿಗಿಂತ ರಾತ್ರಿ ಜಾಸ್ತಿ ಅಂದಮೇಲೆ ಅದು ದೀಪಗಳೇ ಇರಬೇಕು ಅಂತ ಅನುಮಾನ ಬಂತು. ಪರಿಚಯದ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿದೆ. ಮೆಟ್ಟಿಲಿನ ಲೈಟು, ಗೇಟಿನ ಲೈಟು, ಹಗಲು ರಾತ್ರಿ ಓಡುವ ಸಿಸಿಟಿವಿ ಬಾಕ್ಸು, ಮೂರೂ ನಮ್ಮ ಮೀಟರಿನಿಂದ ಹೊರಟ ವೈರಿಗೆ ಸೇರಿದ್ದವು. ಬಿಲ್ಡಿಂಗ್ ಕಟ್ಟುವಾಗ ಯಾವ ಮೀಟರಿಗೆ ಮೊದಲು ಕರೆಂಟ್ ಬಂತೋ ಅದರಿಂದ ಎಳೆದಿದ್ದಾರೆ, ಆಮೇಲೆ ಹಾಗೇ ಉಳಿದುಬಿಟ್ಟಿದೆ ಅಂದರು ಅವರು. ಹೊಸ ಬಿಲ್ಡಿಂಗುಗಳಲ್ಲಿ ಇದು ಸಾಮಾನ್ಯವಂತೆ.

ಲೆಕ್ಕ ಹಾಕಿದೆ. ಹಗಲು ರಾತ್ರಿ ಸೇರಿ ದಿನಕ್ಕೆ ಒಂದೂಕಾಲು ಯೂನಿಟ್ ಮೇಲೆ. ತಿಂಗಳಿಗೆ 40 ಯೂನಿಟ್. ನಮಗೆ ಸಿಗುವ 58ರಲ್ಲಿ 40 ಮೆಟ್ಟಿಲಿಗೂ ಗೇಟಿಗೂ ಹೋಗುತ್ತಿತ್ತು.

ಓನರ್ ಅಂಕಲ್ ಕೆಳಗಿನ ಮನೆಯಲ್ಲೇ ಇದ್ದಾರೆ. ಮಾತಾಡೋಕೆ ಹೋಗುವ ಮುಂಚೆ ಯಜಮಾನರಿಗೆ ಸ್ವಲ್ಪ ಮುಜುಗರ. "ಹೊಸ ಮನೆ, ಈಗಲೇ ಜಗಳ ಯಾಕೆ" ಅಂದರು. ಜಗಳ ಆಡೋಕೆ ನನಗೂ ಇಷ್ಟ ಇರಲಿಲ್ಲ. ಅಂಕಲ್‌ನನ್ನು ಮೀಟರ್ ಮುಂದೆಯೇ ಕರೆದುಕೊಂಡು ಹೋಗಿ, ನಮ್ಮ ಮೇನ್ ಆಫ್ ಮಾಡಿಸಿ, ದೀಪ ಮಿಣುಕುವುದನ್ನು ತೋರಿಸಿದೆ. ಸ್ವಲ್ಪ ಹೊತ್ತು ಬಗ್ಗಿ ನೋಡಿದರು. "ಅಯ್ಯೋ, ಇದು ನಂಗೊತ್ತೇ ಇರ್ಲಿಲ್ಲ ಕಣಮ್ಮ. ಮೋಟಾರ್ ಮೀಟರ್ ಒಂದು ಇದೆಯಲ್ಲ, ಅದಕ್ಕೆ ಹಾಕಿಸಿಬಿಡೋಣ" ಅಂದರು. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟಾರಿಗೆ ಬೇರೆ ಮೀಟರ್ ಇದೆ, ಅದರ ಬಿಲ್ಲನ್ನು ಎಲ್ಲಾ ಮನೆಯವರೂ ಹಂಚಿಕೊಳ್ಳುತ್ತೇವೆ. ಅದೇ ವಾರ ವೈರ್ ಬದಲಾಯಿತು. ಮತ್ತೆ ಮೇನ್ ಆಫ್ ಮಾಡಿ ನೋಡಿದೆ. ಕೆಂಪು ದೀಪ ಅಲುಗಾಡದೆ ನಿಂತಿತ್ತು. ಎಷ್ಟು ನೆಮ್ಮದಿ ಆಯಿತು ಅಂದ್ರೆ ಹೇಳೋಕಾಗಲ್ಲ.

ಹೊಸ ಫ್ಯಾನು, ಹೊಸ ಫ್ರಿಡ್ಜು ಕೊಳ್ಳುವ ಮುಂಚೆ ದಯವಿಟ್ಟು ಈ ಒಂದು ಪರೀಕ್ಷೆ ಮಾಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್ನು ಗೀಸರ್. 2000 ವ್ಯಾಟ್‌ನದು ಅರ್ಧ ಗಂಟೆ ಓಡಿದರೆ ಒಂದು ಯೂನಿಟ್. ನಮ್ಮಲ್ಲಿ ಅತ್ತೆ ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ ಮಾಡಿ ಪೂಜೆಗೆ ಕೂರುತ್ತಾರೆ. ಯಜಮಾನರದು ಏಳಕ್ಕೆ. ಮಕ್ಕಳದು ಸ್ಕೂಲ್ ವ್ಯಾನ್ ಬರುವ ಮುಂಚೆ. ನನ್ನದು ಎಲ್ಲರೂ ಹೋದಮೇಲೆ. ಐದಕ್ಕೆ ಹಾಕಿದ ಸ್ವಿಚ್ಚು ಒಂಬತ್ತರವರೆಗೆ ಹಾಗೇ ಇರುತ್ತಿತ್ತು. ನೀರು ಕಾದಮೇಲೆ ಗೀಸರ್ ತಾನೇ ನಿಲ್ಲುತ್ತದೆ, ನಿಜ. ಆದರೆ ತೊಟ್ಟಿಯಲ್ಲಿ ನೀರು ಆರುತ್ತಾ ಇರುತ್ತದೆ, ಮತ್ತೆ ಕಾಯಿಸುತ್ತದೆ. ಅದರ ಮೇಲೆ, ನೀರನ್ನು ಕೈ ಇಡಲಾಗದಷ್ಟು ಕಾಯಿಸಿ ಆಮೇಲೆ ತಣ್ಣೀರು ಬೆರೆಸುತ್ತೇವೆ. ಒಬ್ಬರ ಸ್ನಾನಕ್ಕೆ ಪೂರ್ತಿ ತೊಟ್ಟಿ ಕುದಿಸಿ, ಉಳಿದದ್ದನ್ನು ಸುಮ್ನೆ ಆರೋಕೆ ಬಿಟ್ಟ ಹಾಗೆ.

ಅತ್ತೆಯ ಐದು ಗಂಟೆಯನ್ನು ಮುಟ್ಟುವ ಮಾತೇ ಇಲ್ಲ. ಅವರ ಸ್ನಾನ ಆದಕೂಡಲೇ ಸ್ವಿಚ್ ಆಫ್. ಉಳಿದವರು ಆರೂವರೆಯಿಂದ ಒಬ್ಬರ ಹಿಂದೆ ಒಬ್ಬರು. ಎಲೆಕ್ಟ್ರಿಷಿಯನ್ ಅಣ್ಣ ಗೀಸರಿನ ಅಡಿಯ ಮುಚ್ಚಳ ಬಿಚ್ಚಿ ಥರ್ಮೋಸ್ಟಾಟ್ ತಿರುಗಿಸಿ 55 ಡಿಗ್ರಿಗೆ ಇಳಿಸಿದರು. ಇದನ್ನು ನೀವೇ ಮಾಡೋಕೆ ಹೋಗಬೇಡಿ, ಒಳಗೆ ಕರೆಂಟ್ ಇರುತ್ತದೆ. ಯಾರಿಗೂ ನೀರು ತಣ್ಣಗಿದೆ ಅನಿಸಲಿಲ್ಲ. ದಿನಕ್ಕೆ ಒಂದು ಯೂನಿಟ್‌ಗಿಂತ ಜಾಸ್ತಿ ಉಳಿಯಿತು, ತಿಂಗಳಿಗೆ 35ರ ಹತ್ತಿರ.

ದುಡ್ಡು ಹಾಕಿದ್ದು ಫ್ಯಾನಿಗೆ ಮಾತ್ರ. ಮಾಮೂಲಿ ಫ್ಯಾನ್ ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಅನ್ನೋ ಕಡಿಮೆ ಕರೆಂಟಿನ ಮೋಟಾರ್ ಇರುವ ಫ್ಯಾನ್ 30ರ ಆಸುಪಾಸು. ಗಾಳಿಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಲಿನದು ಮತ್ತು ಅತ್ತೆ, ಮಕ್ಕಳು ಮಲಗುವ ರೂಮಿನದು, ಈ ಎರಡೇ ನಮ್ಮಲ್ಲಿ ಜಾಸ್ತಿ ಓಡುವುದು. ಬೇಸಿಗೆಯಲ್ಲಿ ದಿನಕ್ಕೆ 14 ಗಂಟೆ ಅಂತ ಹಿಡಿದರೆ ಒಂದೊಂದು ಫ್ಯಾನಿಗೆ ತಿಂಗಳಿಗೆ 19 ಯೂನಿಟ್ ಉಳಿಯುತ್ತದೆ. ಒಂದು ಫ್ಯಾನಿಗೆ ಮೂರು ಸಾವಿರದ ಹತ್ತಿರ ಬೀಳುತ್ತದೆ. ಯೂನಿಟ್ ಬೆಲೆಯಲ್ಲಿ ಲೆಕ್ಕ ಹಾಕಿದರೆ ಹಾಕಿದ ದುಡ್ಡು ಬರೋಕೆ ಮೂರು ವರ್ಷ ಬೇಕು, ನಮ್ಮೂರಿನ ಮಳೆಗಾಲ, ಚಳಿಗಾಲದಲ್ಲಿ ಫ್ಯಾನ್ ಅಷ್ಟು ಓಡುವುದಿಲ್ಲ. ಆದರೆ ನಮ್ಮಂಥ 200ರ ಅಂಚಿನ ಮನೆಗೆ ಆ ಲೆಕ್ಕ ಸಾಲದು. ಬೇಸಿಗೆಯಲ್ಲಿ ಗೆರೆ ದಾಟದಂತೆ ಹಿಡಿಯುವುದೇ ಅದರ ದೊಡ್ಡ ಲಾಭ.

ಫ್ಯಾನ್ ತರೋಕೆ ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋದೆವು. ಎಲೆಕ್ಟ್ರಿಕಲ್ ಸಾಮಾನಿಗೆ ಬೆಂಗಳೂರಿನವರು ಹೋಗುವುದು ಅಲ್ಲಿಗೇ. ಅಲ್ಲೇ ಹತ್ತಿರದ ಕೆ.ಆರ್. ಮಾರುಕಟ್ಟೆಯಲ್ಲಿ 1905ರ ಆಗಸ್ಟ್ 5ರಂದು ಬೆಂಗಳೂರಿನ ಮೊದಲ ವಿದ್ಯುತ್ ದೀಪ ಹೊತ್ತಿದ್ದು. ಶಿವನಸಮುದ್ರದಿಂದ ಬಂದ ಕರೆಂಟು. ಮಗಳಿಗೆ ಅದನ್ನು ಹೇಳುತ್ತಾ ಅಂಗಡಿ ಅಂಗಡಿ ಸುತ್ತಿದೆವು. ಅಂಗಡಿಯವರು ಎಷ್ಟು ರೆಕ್ಕೆ, ಯಾವ ಬಣ್ಣ, ರಿಮೋಟ್‌ನಲ್ಲಿ ಏನೇನಿದೆ ಅಂತ ಹೇಳುತ್ತಾರೆ. ನೀವು ಡಬ್ಬಿಯ ಮೇಲಿನ ಸ್ಟಾರ್ ಲೇಬಲ್ ನೋಡಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಅದು ಕಡ್ಡಾಯ. ವ್ಯಾಟ್ ಎಷ್ಟು, ಗಾಳಿ ಎಷ್ಟು ಅಂತ ಎರಡನ್ನೂ ಓದಿ. ಗ್ಯಾರಂಟಿ ಕಾರ್ಡಿಗೆ ಅಂಗಡಿ ಸೀಲ್ ಹಾಕಿಸಿಕೊಳ್ಳಿ, ಇಂಥ ಫ್ಯಾನಿನ ಒಳಗೆ ಸರ್ಕ್ಯೂಟ್ ಬೋರ್ಡ್ ಇರುತ್ತದೆ, ಅದು ಕೆಟ್ಟರೆ ಗಲ್ಲಿಯ ವೈಂಡಿಂಗ್ ಅಂಗಡಿಯಲ್ಲಿ ರಿಪೇರಿ ಆಗುವುದಿಲ್ಲ. ಇನ್ನೊಂದು ವಿಷಯ: ಗೋಡೆಯ ಹಳೇ ರೆಗ್ಯುಲೇಟರನ್ನು ಬಿಡಿಸಿ ನೇರ ಸ್ವಿಚ್ಚಿಗೆ ಕೊಡಿಸಬೇಕು. ಓನರ್ ಫ್ಯಾನುಗಳನ್ನು ಒರೆಸಿ ಲಾಫ್ಟ್ ಮೇಲೆ ಇಟ್ಟಿದ್ದೇವೆ. ಮನೆ ಬಿಡುವಾಗ ಅವನ್ನು ಹಾಕಿಸಿ, ನಮ್ಮವನ್ನು ಬಿಚ್ಚಿಕೊಂಡು ಹೋಗುತ್ತೇವೆ. ಬಾಡಿಗೆ ಮನೆಗೆ ಯಾಕೆ ದುಡ್ಡು ಹಾಕಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಇದೇ.

ಫ್ರಿಡ್ಜ್ ಬದಲಿಸಬೇಕು ಅಂತ ಯಜಮಾನರು ಹೇಳುತ್ತಿದ್ದರು. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆದು ನೋಡಿದೆ, ಕೆಳಗಿನ ಮೂಲೆಯಲ್ಲಿ ಸಲೀಸಾಗಿ ಬಂದುಬಿಟ್ಟಿತು. ಬಾಗಿಲಿನ ರಬ್ಬರ್ ಸಡಿಲ ಆಗಿತ್ತು. ರಬ್ಬರ್ ಹಾಕಿಸಿದೆವು, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆವು, ಸದ್ಯಕ್ಕೆ ಸಾಕು. ಸೆಟ್‌ಟಾಪ್ ಬಾಕ್ಸನ್ನು ರಾತ್ರಿ ಗೋಡೆ ಸ್ವಿಚ್ಚಿನಲ್ಲೇ ಆಫ್ ಮಾಡುವುದು ಮಗಳ ಕೆಲಸ. ಬಲ್ಬುಗಳ ಕಡೆ ನೋಡುವ ಅಗತ್ಯ ಬೀಳಲಿಲ್ಲ. ಎಲ್ಲವೂ ಎಲ್‌ಇಡಿ. ದಶಕದ ಹಿಂದೆ 'ಹೊಸ ಬೆಳಕು' ಯೋಜನೆಯಲ್ಲಿ ಅತ್ತೆ ತಂದಿಟ್ಟಿದ್ದ 9 ವ್ಯಾಟ್‌ನದು ಒಂದು ದೇವರ ಮನೆಯಲ್ಲಿ ಇನ್ನೂ ಉರಿಯುತ್ತಿದೆ.

ಮುಂದಿನ ಬಿಲ್ಲುಗಳಲ್ಲಿ ಯೂನಿಟ್ ಇಳಿಯುತ್ತಾ ಬಂತು. ಈಗ ನೂರರ ಆಚೆ ಈಚೆ ನಿಂತಿದೆ. 58 ಕಳೆದು ಉಳಿದದ್ದಕ್ಕೆ ಮಾತ್ರ ಬಿಲ್, ಬೇಸಿಗೆಯ ಬಿಲ್ಲಿನ ಅರ್ಧಕ್ಕಿಂತ ಕಡಿಮೆ. ಗೀಸರ್ ಇಟ್ಟುಕೊಂಡು ಐದು ಜನ 58ರೊಳಗೆ ಇರುವುದು ಆಗದ ಮಾತು, ಅದಕ್ಕಾಗಿ ಯಾರನ್ನೂ ಮನೆಯಲ್ಲಿ ಕಾಡಿಸಬಾರದು ಅಂತ ನಾನೇ ತೀರ್ಮಾನ ಮಾಡಿದ್ದೇನೆ. ಮಕ್ಕಳು ಓದುವಾಗ ಲೈಟು, ಅತ್ತೆಗೆ ರಾತ್ರಿ ಫ್ಯಾನು, ಇವೆರಡರಲ್ಲಿ ಉಳಿತಾಯ ಬೇಡ.

ಆ ಮೀಟರ್ ವಿಷಯ ಆದಮೇಲೆ ಓನರ್ ಅಂಕಲ್‌ಗೂ ಆಸಕ್ತಿ ಬಂದಿದೆ. ತಾರಸಿ ಮೇಲೆ ಸೋಲಾರ್ ಹಾಕಿಸಬೇಕು ಅಂತ ವಿಚಾರಿಸುತ್ತಿದ್ದಾರೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು 78,000 ರೂಪಾಯಿ ಸಬ್ಸಿಡಿ ಇದೆ. ಬಿಸಿಲು ಚೆನ್ನಾಗಿದ್ದರೆ ಇಲ್ಲಿ ಒಂದು ಕಿಲೋವ್ಯಾಟಿನಿಂದ ದಿನಕ್ಕೆ ನಾಲ್ಕು ಯೂನಿಟ್ ಬರುತ್ತದೆ. ಅದು ಅವರ ಮೀಟರಿಗೆ. ನಾನು ಕೇಳಿದ್ದು ಬೇರೆ. "ಅಂಕಲ್, ಅದರ ಜೊತೆಗೆ ಬಿಸಿನೀರಿನ ಸೋಲಾರ್ ಒಂದು ಹಾಕಿಸಿ. ನಮ್ಮ ಬಾತ್‌ರೂಮಿಗೆ ಪೈಪ್ ಎಳೆಯುವ ಖರ್ಚು ನಾವು ಕೊಡ್ತೀವಿ" ಅಂದೆ. ಒಪ್ಪಿಕೊಂಡಿದ್ದಾರೆ. 200 ಲೀಟರಿನದಕ್ಕೆ ರೇಟು ತರಿಸಿದ್ದಾರೆ. ಮೋಡದ ದಿನಗಳಿಗೆ ಗೀಸರ್ ಹೇಗೂ ಇದೆ. ದೀಪಾವಳಿ ಮುಗಿದಮೇಲೆ ಪ್ಲಂಬರ್ ಬಂದು ಪೈಪಿನ ಅಳತೆ ತೆಗೆದುಕೊಂಡು ಹೋಗುತ್ತಾರೆ.